ಎಷ್ಟು ಮೀನು ಹಿಡಿಸುತ್ತವೆ, ಮೇಡಂ?

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಸಮುದ್ರದ ಮೀನು ಸಾಕುವ ಉಪ್ಪುನೀರಿನ ಮೂರಡಿ ಗಾಜಿನ ಟ್ಯಾಂಕಿಗೆ ನಾಲ್ಕು ಮೀನು ಸಾಕು ಅಂತ. ಅದಕ್ಕೆ ಬಂದ ಕಾಗದಗಳಲ್ಲಿ ಬೈಗುಳವೇ ಜಾಸ್ತಿ. ಈ ಸಲ ಪೂರಾ ಜಾಗ ಆ ಕಾಗದಗಳಿಗೇ. ಹೆಸರು ಬೇಡ ಎಂದು ಕೆಲವರು ಕೇಳಿದ್ದಾರೆ, ಹಾಗಾಗಿ ಎಲ್ಲರದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ಹೊಸ ಮನೆಯ ಹಾಲಿಗೆ ಅಂತ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿದ್ದೇನೆ. ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಒಂದು ತಿಂಗಳಿಂದ ಪಂಪ್ ಓಡಿಸುತ್ತಿದ್ದೇನೆ. ಮೀನು ಇನ್ನೂ ಬಿಟ್ಟಿಲ್ಲ. ಅಂಗಡಿಯವರು ಹದಿನೈದು ಆರಾಮಾಗಿ ಇರ್ತವೆ ಅಂತಾರೆ. ನಮ್ಮ ಭಾವ ಸಿಹಿನೀರಿನ ಗೋಲ್ಡ್ ಫಿಶ್ ಸಾಕಿದವರು. ಅವರು ನಾಲ್ಕು ಲೀಟರಿಗೆ ಒಂದಿಂಚು ಮೀನು ಅಂತ ಲೆಕ್ಕ ಹಾಕಿ ಒಟ್ಟು 48 ಇಂಚು ಉದ್ದದಷ್ಟು ಮೀನು ಬಿಡಬಹುದು ಅಂತಾರೆ. ನನಗೆ ಬೇಕಾಗಿರುವುದು ಕ್ಲೌನ್ ಫಿಶ್ ಎರಡು, ನೀಲಿ ಟ್ಯಾಂಗ್ ಒಂದು, ನೀಲಿ ಡ್ಯಾಮ್ಸೆಲ್ ಆರು, ಲಯನ್ ಫಿಶ್ ಒಂದು. ಹತ್ತೇ ಆಯ್ತಲ್ಲ, ತಪ್ಪೇನು?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಿಮ್ಮ ತಪ್ಪು ಹೇಳುವ ಮೊದಲು ನನ್ನದು ಹೇಳಿಬಿಡುತ್ತೇನೆ. ನಾನು 31 ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು. ನಿವೃತ್ತಿಯಾದ ವರ್ಷ ನಿಮ್ಮದೇ ಅಳತೆಯ ಟ್ಯಾಂಕ್ ತಂದೆ, ಹನ್ನೊಂದು ಮೀನು ಬಿಟ್ಟೆ. ಟೆಸ್ಟ್ ಕಿಟ್‌ನಲ್ಲಿ ಮೀನಿನ ಗಲೀಜಿನಿಂದ ಬರುವ ವಿಷಗಳಾದ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಹನ್ನೆರಡೂವರೆಗೆ ಕರೆಂಟ್ ಹೋಯಿತು. ನಾವು ಇನ್ವರ್ಟರ್ ಫ್ಯಾನ್ ಕೆಳಗೆ ಹಾಯಾಗಿ ಮಲಗಿದ್ದೆವು. ಟ್ಯಾಂಕಿನ ಪಂಪು ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಬೆಳಗ್ಗೆ ಐದೂವರೆಗೆ ಹಾಲು ತಗೊಳ್ಳೋಕೆ ಎದ್ದಾಗ ಎಂಟು ಮೀನು ಸತ್ತಿದ್ದವು. ಮೂರು ನೀರಿನ ಮೇಲಕ್ಕೆ ಬಾಯಿ ಹಚ್ಚಿ ನಿಂತಿದ್ದವು. ನಮ್ಮ ಯಜಮಾನರು ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. "ಕೆಮಿಸ್ಟ್ರಿ ಮೇಡಮ್ಮೋರಿಗೆ ಆಕ್ಸಿಜನ್ ಪಾಠ ಬರ್ತಿರಲಿಲ್ಲೇನ್ರಿ?" ಅಂದರು, ಅಷ್ಟೇ.

ಅವತ್ತಿನಿಂದ ನನ್ನ ಲೆಕ್ಕ ಬೇರೆ. ಅಂಗಡಿಯವರು ಎಲ್ಲ ಪಂಪೂ ಓಡುತ್ತಿರುವ ಟ್ಯಾಂಕ್ ನೋಡಿ ಸಂಖ್ಯೆ ಹೇಳುತ್ತಾರೆ. ನಾನು ಬೇಸಿಗೆಯಲ್ಲಿ, ಕರೆಂಟ್ ಹೋದ ರಾತ್ರಿ, ಬೆಳಗಿನ ಜಾವ ಮೂರು ಗಂಟೆಗೆ ಎಷ್ಟು ಮೀನು ಉಸಿರಾಡುತ್ತಿರುತ್ತವೆ ಅಂತ ನೋಡಿ ಹೇಳುತ್ತೇನೆ.

ಒಂದು ಪೆನ್ನು ತಗೊಳ್ಳಿ. ನಿಮ್ಮ ಟ್ಯಾಂಕು 6.75 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಲ್ಲಿಗೆ 191 ಲೀಟರ್ ಆಯಿತು. ಆದರೆ ಅಂಚಿನವರೆಗೆ ಯಾರೂ ತುಂಬುವುದಿಲ್ಲ, ಮೇಲೆ ಎರಡು ಇಂಚು ಬಿಡುತ್ತೀರಿ. 170ಕ್ಕೆ ಇಳಿಯಿತು. ಕಲ್ಲು, ಮರಳು ಇನ್ನೊಂದು 25 ಲೀಟರ್ ಜಾಗ ತಿನ್ನುತ್ತವೆ. ಉಳಿದ ನೀರು ಸುಮಾರು 145 ಲೀಟರ್. ನಿಮ್ಮ ಭಾವನ 48 ಇಂಚಿನಲ್ಲಿ ಕಾಲು ಭಾಗ ಇಲ್ಲೇ ಹೋಯಿತು.

ಈಗ ಉಪ್ಪಿನ ವಿಷಯ. ನೀರಿಗೆ ಉಪ್ಪು ಬಿದ್ದರೆ ಅದರಲ್ಲಿ ಆಕ್ಸಿಜನ್ ಕರಗುವುದು ಕಡಿಮೆಯಾಗುತ್ತದೆ. ಬಿಸಿ ಏರಿದರೆ ಇನ್ನೂ ಕಡಿಮೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ ಆಕ್ಸಿಜನ್ ಹಿಡಿಯುತ್ತದೆ. ಅದೇ ಬಿಸಿಯಲ್ಲಿ ಸಮುದ್ರದ ನೀರು 6.7ರ ಆಸುಪಾಸು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕ್ 30 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಆಗ 6.2ರಷ್ಟು. 145 ಲೀಟರಿಗೆ ಗುಣಿಸಿ ನೋಡಿ. ಇಡೀ ಟ್ಯಾಂಕಿನಲ್ಲಿ ಇರುವ ಆಕ್ಸಿಜನ್ ಒಂದು ಗ್ರಾಂ ಕೂಡ ಇಲ್ಲ! ಒಂದು ಚಿಟಿಕೆ ಸಕ್ಕರೆಯಷ್ಟು ತೂಕ. ಅದರಲ್ಲಿ ಮೀನಿಗೂ ಪಾಲು, ಕಲ್ಲು ಮರಳಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಪಾಲು. ಬಿಸಿ ನೀರಿನಲ್ಲಿ ಮೀನು ಉಸಿರಾಡುವುದೂ ಜಾಸ್ತಿ. ಪಂಪು ಮೇಲಿನ ನೀರನ್ನು ಅಲ್ಲಾಡಿಸುತ್ತಿರುವವರೆಗೆ ಗಾಳಿಯಿಂದ ಹೊಸದು ಇಳಿಯುತ್ತಲೇ ಇರುತ್ತದೆ. ಪಂಪು ನಿಂತರೆ ಖರ್ಚು ಮಾತ್ರ ಓಡುತ್ತದೆ, ಜಮಾ ತೀರಾ ನಿಧಾನ.

ಅಮೋನಿಯದ್ದೂ ಹೀಗೇ ಒಂದು ತಕರಾರಿದೆ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಅದು ಎಷ್ಟು ವಿಷ ಎನ್ನುವುದು ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೇಲೆ ಹೋಗುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದರ ಬಹುಪಾಲು ಅಷ್ಟೇನೂ ತೊಂದರೆ ಮಾಡದ ಅಮೋನಿಯಂ ರೂಪದಲ್ಲಿ ಇರುತ್ತದೆ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ. ಅಲ್ಲಿ ವಿಷದ ಪಾಲು ಹತ್ತು ಪಟ್ಟಿನಷ್ಟು ಏರುತ್ತದೆ. ಭಾವನ ಗೋಲ್ಡ್ ಫಿಶ್ ಸಹಿಸಿಕೊಂಡ ಗಲೀಜನ್ನು ನಿಮ್ಮ ಕ್ಲೌನ್ ಫಿಶ್ ಸಹಿಸುವುದಿಲ್ಲ. ಭಾವನಿಗೆ ಬೇಜಾರಾಗದ ಹಾಗೆ ಹೇಳಿ.

ಇನ್ನು ನಿಮ್ಮ ಪಟ್ಟಿ. ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು, ಮುದ್ದಾಗಿರುತ್ತದೆ. 'ಫೈಂಡಿಂಗ್ ನೀಮೋ' ಸಿನಿಮಾ ನೋಡಿದ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ. ಬೆಳೆದರೆ ಅದು ಒಂದಡಿ. ದಿನವಿಡೀ ಈಜುವ ಮೀನು. ಮೂರಡಿ ಟ್ಯಾಂಕಿನಲ್ಲಿ ಇಡುವುದು ಅಂದರೆ ಎತ್ತನ್ನು ಅಡುಗೆಮನೆಯಲ್ಲಿ ಕಟ್ಟಿದ ಹಾಗೆ. ಆರಡಿ ಟ್ಯಾಂಕ್ ಮಾಡಿಸಿದ ದಿನ ಮತ್ತೆ ಮಾತಾಡೋಣ. ಲಯನ್ ಫಿಶ್ ಕೂಡ ಒಂದಡಿ ದಾಟುತ್ತದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ, ಬೆನ್ನ ಮುಳ್ಳಿನಲ್ಲಿ ವಿಷ ಇರುತ್ತದೆ. ಕೈ ಹಾಕಿ ಗಾಜು ಒರೆಸುವವರು ನೀವೇ ಅಲ್ವಾ? ಬಿಟ್ಟುಬಿಡಿ.

ಡ್ಯಾಮ್ಸೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಬೀಳುವುದು ಇಲ್ಲೇ. ಅಗ್ಗ, ಗಟ್ಟಿ ಜೀವ, ಬಣ್ಣ ಚೆನ್ನ. ಎರಡು ಇಂಚಿನ ಮೀನು ಇಡೀ ಟ್ಯಾಂಕ್ ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳುತ್ತದೆ. ಅವತ್ತು ನನ್ನ ಟ್ಯಾಂಕಿನಲ್ಲಿ ಉಳಿದ ಮೂರರಲ್ಲಿ ಒಂದು ನೀಲಿ ಡ್ಯಾಮ್ಸೆಲ್. ನಮ್ಮ ಮೊಮ್ಮಗ ಅದಕ್ಕೆ 'ರೌಡಿ' ಅಂತ ಹೆಸರಿಟ್ಟಿದ್ದ. ಆಮೇಲೆ ತಂದ ಎರಡು ಮೀನನ್ನು ಅದು ಮೂಲೆಗೆ ಒತ್ತಿ, ರೆಕ್ಕೆ ಹರಿದು, ಊಟಕ್ಕೂ ಬಿಡದೆ ಸಾಯಿಸಿತು. ಹಿಡಿದು ಅಂಗಡಿಗೆ ವಾಪಸ್ ಕೊಡೋಣ ಅಂದರೆ ಕಲ್ಲಿನ ಸಂದಿಯಿಂದ ಬರಲೊಲ್ಲದು. ಕೊನೆಗೆ ಒಂದು ಭಾನುವಾರ ಎಲ್ಲ ಕಲ್ಲು ಬಕೆಟ್ಟಿಗೆ ತೆಗೆದು, ಅರ್ಧ ನೀರು ಖಾಲಿ ಮಾಡಿ, ನಾನು ಒಂದು ಕಡೆ ಬಲೆ, ಯಜಮಾನರು ಇನ್ನೊಂದು ಕಡೆ ಜರಡಿ. ಆ ಜರಡಿಯನ್ನು ಮತ್ತೆ ಅಡುಗೆಗೆ ಬಳಸಲಿಲ್ಲ. ಆರು ಡ್ಯಾಮ್ಸೆಲ್ ಬಿಟ್ಟರೆ ಅವು ಒಂದನ್ನೊಂದು ಕಚ್ಚಿ ಕಚ್ಚಿ ಒಂದೋ ಎರಡೋ ಉಳಿಯುತ್ತವೆ. ನೀವು ಕೊಟ್ಟ ದುಡ್ಡು ಆರಕ್ಕೆ.

ಹಾಗಾಗಿ ನಿಮ್ಮ ಟ್ಯಾಂಕಿಗೆ ನನ್ನ ಪಟ್ಟಿ: ಒಂದು ಫೈರ್ ಫಿಶ್, ಒಂದು ಹಳದಿ ಗೋಬಿ, ಒಂದು ಜೊತೆ ಕ್ಲೌನ್ ಫಿಶ್. ನಾಲ್ಕು. ಇದೇ ಸಾಲಿನಲ್ಲಿ ಬಿಡಿ, ನಡುವೆ ಮೂರು ನಾಲ್ಕು ವಾರ ಬಿಟ್ಟು. ಫೈರ್ ಫಿಶ್ ಅಂಜುಬುರುಕ, ಅದಕ್ಕೆ ಮೊದಲು ಮನೆ ಸಿಗಬೇಕು. ಹೆದರಿದರೆ ಹೊರಗೆ ಹಾರುತ್ತದೆ, ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಗೋಬಿ ಕೆಳಗೆ ಮರಳಿನಲ್ಲಿ ಇರುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಕ್ಲೌನ್ ಜೋಡಿ ಕೊನೆಗೆ, ಯಾಕೆಂದರೆ ಜಾಗ ಹಿಡಿಯುವ ಬುದ್ಧಿ ಅವಕ್ಕಿದೆ. ಮೂರು ಕ್ಲೌನ್ ಬೇಡ. ಇವು ಹುಟ್ಟುವಾಗ ಹೆಣ್ಣಲ್ಲ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ಕೆಳಗಿನದು ಗಂಡಾಗುತ್ತದೆ, ಮೂರನೆಯದು ಏಟು ತಿನ್ನುತ್ತದೆ. ಎರಡೂ ಮರಿಯಾಗಿದ್ದಾಗ ಒಂದು ಚೂರು ದೊಡ್ಡದು, ಒಂದು ಚಿಕ್ಕದು ನೋಡಿ ತನ್ನಿ. ಸಾಕಿ ಮರಿ ಮಾಡಿಸಿದ್ದು ಸಿಕ್ಕರೆ ಅದನ್ನೇ ಕೇಳಿ. ನಮ್ಮ ದೇಶದಲ್ಲೇ ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರದ ಸಾಗರ ಮೀನುಗಾರಿಕೆ ಸಂಶೋಧನಾಲಯದವರು ಕ್ಲೌನ್ ಫಿಶ್ ಮರಿ ಮಾಡಿಸಿ ತೋರಿಸಿದ್ದಾರೆ. ಸಮುದ್ರದಿಂದ ಹಿಡಿದು ತಂದದ್ದಕ್ಕಿಂತ ಅವು ಟ್ಯಾಂಕಿಗೆ ಬೇಗ ಒಗ್ಗುತ್ತವೆ.

ಒಂದು ತಿಂಗಳು ನೀರು ಓಡಿಸಿದ್ದೇನೆ ಅಂದಿರಿ. ಬರೀ ನೀರು ಓಡಿದರೆ ಏನೂ ಆಗಿರುವುದಿಲ್ಲ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಅದಕ್ಕೆ ಅಮೋನಿಯ ಕೊಡಬೇಕು. ನಾನು ಲ್ಯಾಬಿನ ಅಭ್ಯಾಸದಿಂದ ಅಮೋನಿಯಂ ಕ್ಲೋರೈಡ್ ಹಾಕುತ್ತೇನೆ, ನೀವು ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಸಿದರೂ ಆಯಿತು. ಮೊದಲು ಅಮೋನಿಯ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಉಳಿಯುತ್ತದೆ. ನಾಲ್ಕರಿಂದ ಆರು ವಾರ. ಅಲ್ಲಿಯವರೆಗೆ ಬರೀ ಕಲ್ಲು ನೋಡಿಕೊಂಡು ಕೂತಿರಿ. ಮನೆಗೆ ಬಂದವರು "ಮೀನೆಲ್ರಿ?" ಅಂತಾರೆ. ಅನ್ನಲಿ ಬಿಡಿ.

ನಾಲ್ಕೂ ಬಿಟ್ಟು ಆರು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿ. ಬಿಸಿಲಿರುವ ಒಂದು ರಜಾ ದಿನ, ಗಡಿಯಾರ ಹಿಡಿದು ಟ್ಯಾಂಕಿನ ಮುಂದೆ ಕುಳಿತು, ಒಂದು ನಿಮಿಷಕ್ಕೆ ಕ್ಲೌನ್ ಫಿಶ್ ಕಿವಿರು ಎಷ್ಟು ಸಲ ಬಡಿಯುತ್ತದೆ ಎಣಿಸಿ ಬರೆದಿಡಿ. ಆಮೇಲೆ ಎಲ್ಲ ಪಂಪ್ ಆಫ್ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಎಣಿಸಿ. ಬಡಿತ ಜೋರಾದ ಕೂಡಲೇ, ಅಥವಾ ಯಾವುದೇ ಮೀನು ಮೇಲಕ್ಕೆ ಬಂದ ಕೂಡಲೇ ಸ್ವಿಚ್ ಹಾಕಿಬಿಡಿ. ಎದ್ದು ಚಹಾ ಮಾಡೋಕೆ ಹೋಗಬೇಡಿ, ಅಲ್ಲೇ ಇರಿ. ಒಂದು ಗಂಟೆಯೊಳಗೆ ಹೀಗಾದರೆ ನಾಲ್ಕೇ ಜಾಸ್ತಿ ಅಂತ ಅರ್ಥ. ಎರಡು ಗಂಟೆ ದಾಟಿಯೂ ಸಮಾಧಾನವಾಗಿದ್ದರೆ ಐದನೆಯದರ ಬಗ್ಗೆ ಯೋಚಿಸಬಹುದು.

ಮತ್ತೆ, ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಟ್ಯಾಂಕಿನ ಹತ್ತಿರ ಇನ್ವರ್ಟರಿನ ಒಂದು ಪಾಯಿಂಟ್ ಕೊಡಿಸಿ. ಹೀಟರ್, ಲೈಟ್, ಗಲೀಜನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಎಲ್ಲ ಅದಕ್ಕೆ ಬೇಡ. ನೀರು ಅಲ್ಲಾಡಿಸುವ ಒಂದು ಚಿಕ್ಕ ವೇವ್ ಮೇಕರ್ ಮಾತ್ರ. ಅದು ತಿನ್ನುವುದು ಹತ್ತು ವ್ಯಾಟ್ ಆಸುಪಾಸು, ನಿಮ್ಮ ಒಂದು ಫ್ಯಾನಿಗಿಂತ ತೀರಾ ಕಡಿಮೆ. ನಮ್ಮ ಮನೆಯಲ್ಲಿ ಈ ಬುದ್ಧಿ ಬಂದದ್ದು ಎಂಟು ಮೀನು ಹೋದ ಮೇಲೆ.

ಪ್ರಶ್ನೆ: ನಮ್ಮದು ಎರಡಡಿ ಟ್ಯಾಂಕ್. ಅತ್ತೆ ವಾಸ್ತು ಪ್ರಕಾರ ಒಂಬತ್ತು ಮೀನೇ ಇರಬೇಕು, ಅದರಲ್ಲಿ ಒಂದು ಕಪ್ಪು ಇರಲೇಬೇಕು ಅಂತ ಹಟ ಹಿಡಿದಿದ್ದಾರೆ. ಉಪ್ಪುನೀರಿನಲ್ಲಿ ಆಗುತ್ತಾ? ಮನೆಯ ಶಾಂತಿಯ ಪ್ರಶ್ನೆ ಮೇಡಂ.
— ಚಿತ್ರದುರ್ಗ

ಉತ್ತರ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದುಕೊಂಡರೆ ಕಲ್ಲು ಕಳೆದು 45 ಲೀಟರ್ ನೀರು ಉಳಿಯಬಹುದು. ಒಂಬತ್ತು ಮೀನು ಬಿಟ್ಟರೆ ವಾಸ್ತು ಒಂದು ವಾರ ಇರುತ್ತದೆ.

ಆದರೆ ಅತ್ತೆಯವರು ಜೀವ ಒಂಬತ್ತು ಅಂದರೋ, ಬಾಲ ಒಂಬತ್ತು ಅಂದರೋ ಕೇಳಿ ನೋಡಿ. ಕ್ಲೌನ್ ಫಿಶ್ ಎರಡು. ಶುಚಿ ಮಾಡುವ ಸಿಗಡಿ ಒಂದು. ಶಂಖದಲ್ಲಿ ವಾಸ ಮಾಡುವ ಚಿಕ್ಕ ಏಡಿ ಎರಡು. ಪಾಚಿ ತಿನ್ನುವ ಬಸವನಹುಳು ನಾಲ್ಕು. ಎಣಿಸಿ, ಒಂಬತ್ತು! ಸಿಗಡಿ, ಹುಳುಗಳ ಗಲೀಜು ಮೀನಿನಷ್ಟು ಇರುವುದಿಲ್ಲ. ಕಪ್ಪಿಗೆ ಯೋಚನೆ ಬೇಡ, ಅದೇ ಜಾತಿಯ ಕ್ಲೌನ್ ಫಿಶ್‌ನಲ್ಲಿ ಕಪ್ಪು ಬಿಳಿ ಪಟ್ಟೆಯದು ಸಿಗುತ್ತದೆ. ಒಂದು ಕೇಸರಿ, ಒಂದು ಕಪ್ಪು ಜೋಡಿ ಮಾಡಿ. ಎರಡೂ ಮರಿಯಾಗಿರಲಿ. ಅತ್ತೆಯವರು ಒಪ್ಪಿದರೋ ಇಲ್ಲವೋ ತಪ್ಪದೆ ಬರೆಯಿರಿ, ನನಗೆ ಕುತೂಹಲ ಇದೆ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಉಪ್ಪುನೀರಿನ ಟ್ಯಾಂಕಿಗೆ ಹಾಕುವ ಉಪ್ಪು ತುಂಬಾ ದುಬಾರಿ. ಬೋರ್‌ವೆಲ್ ನೀರಿಗೆ ಕಲ್ಲುಪ್ಪು ಹಾಕಿದರೆ ಸಮುದ್ರದ ನೀರು ಆಗುವುದಿಲ್ಲವೇ? ಉಪ್ಪೂ ಸಮುದ್ರದಿಂದಲೇ ಬಂದದ್ದಲ್ಲವೇ?
— ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಒಳ್ಳೆಯ ಪ್ರಶ್ನೆ ಮಗಳೇ, ಕ್ಲಾಸಿನಲ್ಲಿ ಕೇಳಿದ್ದರೆ ಖುಷಿಯಾಗುತ್ತಿತ್ತು.

ಸಮುದ್ರದಿಂದ ಬಂದದ್ದು ನಿಜ. ಆದರೆ ದಾರಿಯಲ್ಲಿ ಅರ್ಧ ಸಂಸಾರ ಬಿಟ್ಟು ಬಂದಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಸೋಡಿಯಂ, ಕ್ಲೋರೈಡ್ ಎರಡೇ ನೂರಕ್ಕೆ 85ರಷ್ಟು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಇತ್ಯಾದಿ. ಗೋಕರ್ಣದ ಹತ್ತಿರ ಸಾಣಿಕಟ್ಟದಲ್ಲಿ ಉಪ್ಪಿನ ಗದ್ದೆಗಳಿವೆ, ಆ ಕಡೆ ಹೋದರೆ ನೋಡು. ಬಿಸಿಲಿಗೆ ನೀರು ಆರುತ್ತ ಬಂದಂತೆ ಮೊದಲು ಸುಣ್ಣದ ಅಂಶ, ಜಿಪ್ಸಂ ತಳಕ್ಕೆ ಇಳಿಯುತ್ತವೆ. ಆಮೇಲೆ ಅಡುಗೆ ಉಪ್ಪು ಹರಳಾಗುತ್ತದೆ. ಮೆಗ್ನೀಸಿಯಂ ಉಳಿದ ಕಹಿ ನೀರಿನಲ್ಲೇ ಹೊರಗೆ ಹೋಗುತ್ತದೆ. ನಿನ್ನ ಕೈಗೆ ಬರುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಪಿಎಚ್ ಬೀಳದಂತೆ ಹಿಡಿದಿಡುವ ಅಂಶವೇ ಅದರಲ್ಲಿ ಇಲ್ಲ.

ಬೋರ್ ನೀರು ಬೇಡ. ನಿಮ್ಮ ಜಿಲ್ಲೆಯ ಎಷ್ಟೋ ಕಡೆ ಗಡಸುತನವೂ ಜಾಸ್ತಿ, ಫ್ಲೋರೈಡೂ ಇದೆ. ಆರ್‌ಓ ನೀರೇ ಆಗಬೇಕು. ಟ್ಯಾಂಕಿನಲ್ಲಿ ನೀರು ಆರಿದಾಗ ಉಪ್ಪುನೀರು ಸೇರಿಸಬೇಡ, ಬರೀ ಆರ್‌ಓ ನೀರು ಹಾಕು. ಆರುವುದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ. ನನ್ನ ಮೂರಡಿ ಟ್ಯಾಂಕಿನಲ್ಲಿ ಬೇಸಿಗೆಯಲ್ಲಿ ದಿನಕ್ಕೆ ಮೂರು ಲೀಟರ್ ಆರುತ್ತದೆ. ಗಾಜಿಗೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದೇನೆ.

ಖರ್ಚಿನ ಚಿಂತೆ ಅರ್ಥವಾಗುತ್ತದೆ. ವಾರಕ್ಕೆ 15 ಲೀಟರ್ ನೀರು ಬದಲಿಸಿದರೆ ಅರ್ಧ ಕೆಜಿಗಿಂತ ತುಸು ಜಾಸ್ತಿ ಉಪ್ಪು, ವರ್ಷಕ್ಕೆ 27 ಕೆಜಿ. ಮೀನು ಕಡಿಮೆ ಇದ್ದಷ್ಟೂ ಈ ಲೆಕ್ಕ ಹಗುರ. ಡಿಗ್ರಿ ಮುಗಿಯುವವರೆಗೆ ನಿನಗೆ ಸಿಹಿನೀರಿನ ಒಂದು ಫೈಟರ್ ಮೀನು ಸಾಕಾಗುತ್ತದೆ. ಸುಮ್ನೆ ಹೇಳುತ್ತಿಲ್ಲ, ಫೈಟರ್ ಕೂಡ ಚೆನ್ನಾಗಿ ನೋಡಿಕೊಂಡರೆ ಎಷ್ಟು ಚೆಂದ.

ಪ್ರಶ್ನೆ: ಕಡಲಕುದುರೆ ಎಷ್ಟು ಇಡಬಹುದು? ಜೊತೆಗೆ ಸಮುದ್ರದ ನಿಜವಾದ ಹವಳ?
— ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಸೊನ್ನೆ. ಕಡಲಕುದುರೆ ಮತ್ತು ಹವಳದ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಸಮುದ್ರದಿಂದ ತೆಗೆದದ್ದನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳುವವರಿಗೂ ಕೇಸ್ ಆಗುತ್ತದೆ. ಹವಳದ ಬದಲು ಸೆರಾಮಿಕ್ ಕಲ್ಲು ಸಿಗುತ್ತದೆ, ಅದರ ಮೇಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತದೆ.

ಪ್ರಶ್ನೆ: ನೀವು ಜನರನ್ನು ಸುಮ್ಮನೆ ಹೆದರಿಸುತ್ತೀರಿ. ನನ್ನ ಟ್ಯಾಂಕಿನಲ್ಲಿ ಹನ್ನೆರಡು ಮೀನಿವೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕೆಳಗೆ ಸಂಪ್ (ಅದೇ ನೀರು ಸುತ್ತುವ ಇನ್ನೊಂದು ಟ್ಯಾಂಕ್), ದೊಡ್ಡ ಸ್ಕಿಮ್ಮರ್ ಇದೆ. ನಮ್ಮದು ರೈಸ್ ಮಿಲ್, ಮನೆ ಪಕ್ಕದಲ್ಲೇ. ಕರೆಂಟ್ ಹೋದರೆ ಜನರೇಟರ್ ತಾನೇ ಚಾಲೂ ಆಗುತ್ತದೆ. ಎಂಟು ತಿಂಗಳಲ್ಲಿ ಒಂದೇ ಒಂದು ಮೀನು ಸತ್ತಿಲ್ಲ. ನೀಲಿ ಟ್ಯಾಂಗ್ ಕೂಡ ನಾಲ್ಕು ಇಂಚಾಗಿದೆ. ಇದಕ್ಕೆ ಏನಂತೀರಿ?
— ಹರಿಹರ

ಉತ್ತರ: ಹನ್ನೊಂದು ಮೀನಿನ ಮಟ್ಟಿಗೆ ನೀವು ಹೇಳುವುದು ಸರಿ ಅಂತೀನಿ. ನಿಮ್ಮದು 16 ಘನ ಅಡಿ, ಅಂದರೆ 450 ಲೀಟರ್, ಸಂಪ್ ಬೇರೆ. ಪಿ.ಜೆ. ಬಡಾವಣೆಯವರ ಟ್ಯಾಂಕಿನ ಎರಡೂಕಾಲು ಪಟ್ಟಿಗಿಂತ ದೊಡ್ಡದು. ಸ್ಕಿಮ್ಮರ್ ಗಲೀಜು ಕೊಳೆಯುವ ಮೊದಲೇ ನೊರೆ ಮಾಡಿ ಎತ್ತುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಿನ ಜಾವ ಮೂರು ಗಂಟೆಗೆ ನಿಮ್ಮ ಪಂಪು ನಿಲ್ಲುವುದಿಲ್ಲ. ನನ್ನ ಹತ್ತಿರ ರೈಸ್ ಮಿಲ್ ಇದ್ದಿದ್ದರೆ ನಾನೂ ಹನ್ನೆರಡು ಅನ್ನುತ್ತಿದ್ದೆನೋ ಏನೋ.

ಎರಡು ವಿಷಯ ಮಾತ್ರ ಕೇಳುತ್ತೇನೆ. ನೈಟ್ರೇಟ್ ಎಷ್ಟಿದೆ ಬರೆದಿಲ್ಲ. ಅಮೋನಿಯ ಸೊನ್ನೆ ಇದ್ದರೂ ನೈಟ್ರೇಟ್ ತಿಂಗಳು ತಿಂಗಳು ಮೆಟ್ಟಿಲು ಹತ್ತುತ್ತಿದ್ದರೆ ಮೀನು ಜಾಸ್ತಿಯಾಗಿದೆ, ಇಲ್ಲವೇ ಊಟ ಜಾಸ್ತಿಯಾಗಿದೆ. ಮಿಲ್ಲಿಗೆ ಬಂದವರೆಲ್ಲ ಒಂದೊಂದು ಚಿಟಿಕೆ ಹಾಕಿ ಹೋಗುತ್ತಾರಾ? ನಮ್ಮ ಮನೆಯಲ್ಲಿ ನೆಂಟರು ಬಂದಾಗ ಆಹಾರದ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತೇನೆ.

ಇನ್ನೊಂದು ಆ ಟ್ಯಾಂಗ್. ಅಂಗಡಿಯಿಂದ ತಂದಾಗ ಎಷ್ಟು ಇಂಚಿತ್ತು? ಗಾಜಿನ ಹೊರಗಡೆ ಸ್ಕೇಲ್ ಹಿಡಿದು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಯುಗಾದಿ ಹೊತ್ತಿಗೆ ನನಗೆ ಕಳಿಸಿ. ಅಷ್ಟರೊಳಗೆ ಮಿಲ್ಲಿನ ಆಫೀಸಿನಲ್ಲಿ ಆರಡಿ ಟ್ಯಾಂಕಿಗೆ ಜಾಗ ಇದೆಯೇ ಅಂತಲೂ ನೋಡಿಟ್ಟಿರಿ.